ದೆವ್ವಕ್ಕೆ ಕನ್ನಡ ಓದಲು ಬರುತ್ತದೆಯೇ?

ಊಟದ ಬಿಡುವಿನಲ್ಲಿ ನಾವು ಐದು ಜನ ಆಡುವ ಆಟದ ಬಗ್ಗೆ ಕಾಲೇಜಿನಲ್ಲಿ ಒಂದು ಮಾತು ಓಡಾಡುತ್ತಿದೆ. ಅದರಲ್ಲಿ ಮಾಯದ ಕತ್ತಿ, ಎದ್ದು ನಡೆಯುವ ಹೆಣ ಎಲ್ಲ ಇರುವುದರಿಂದ ಅದು ಮೂಢನಂಬಿಕೆ ಬೆಳೆಸುತ್ತದಂತೆ. ನನಗೆ ಅದು ತಲೆಕೆಳಗಾದ ಮಾತು ಎನಿಸುತ್ತದೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ಮೊಬೈಲ್ ಬೇಡ, ಡೇಟಾ ಬೇಡ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಪಾತ್ರಗಳಾಗುತ್ತಾರೆ, ಏಟು ಬಿತ್ತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಮ್ಮ ಮನೆಗಳಲ್ಲಿ ದಾಳ ಒಪ್ಪುವುದಿಲ್ಲ. ಅದಕ್ಕೆ ಟಿಫಿನ್ ಡಬ್ಬಿಯಲ್ಲಿ 1ರಿಂದ 20ರವರೆಗೆ ಬರೆದ ಚೀಟಿ. ತೆಗೆದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಲೇಬೇಕು, ಇಲ್ಲದಿದ್ದರೆ ಸಂಭವನೀಯತೆಯ ಲೆಕ್ಕವೇ ಕೆಡುತ್ತದೆ (ಸ್ಟ್ಯಾಟಿಸ್ಟಿಕ್ಸ್ ಸರ್ ಇದನ್ನು ಓದಿದರೆ ಸಂತೋಷ).

ಹೆಣಗಳ ವಿರುದ್ಧ ಆಟದಲ್ಲಿ ಬೇಕಾದಷ್ಟು ಆಯುಧಗಳಿವೆ. ಕಾಮರ್ಸ್‌ನವರಾದ ನಾವು ಮೊದಲು ನೋಡುವುದು ಬೆಲೆ. ಒಂದು ಸೀಸೆ ಪವಿತ್ರ ಜಲಕ್ಕೆ 25 ಚಿನ್ನದ ನಾಣ್ಯ. ಕತ್ತಿಗೆ ಬೆಳ್ಳಿ ಲೇಪಿಸಲು 100. ಸನ್ ಬ್ಲೇಡ್‌ಗೆ ಹಿಡಿ ಮಾತ್ರ ಇರುತ್ತದೆ, ಅಲಗು ಬೆಳಕಿನದು. ಮೇಸ್ ಆಫ್ ಡಿಸ್ರಪ್ಷನ್ ಎಂಬ ಗದೆಯ ಏಟಿಗೆ ಸೊರಗಿದ ಹೆಣ ನಾಶವೇ ಆಗಬಹುದು. ಅಸ್ಥಿಪಂಜರಕ್ಕಾದರೆ ಮಾಯೆ ಬೇಕಿಲ್ಲ, ದೊಣ್ಣೆ ಸಾಕು.

ಇಂಥದ್ದು ನಮ್ಮಲ್ಲೇನು ಕಡಿಮೆ ಇಲ್ಲ. ಅಮೀರ್ ಹಂಝಾನ ಕತೆಯಲ್ಲಿ ಅಮರ್ ಅಯ್ಯಾರ್‌ನ ಝಂಬೀಲ್ ಚೀಲದಲ್ಲಿ ಏನು ಹಾಕಿದರೂ ಹಿಡಿಸುತ್ತದೆ ಎಂದು ದಾದಿ ಹೇಳುತ್ತಾರೆ. ಆ ಕತೆಗಳ ತಿಲಿಸ್ಮ್-ಎ-ಹೋಶ್‌ರುಬಾ ಭಾಗವನ್ನು ಲಕ್ನೋದ ನವಲ್ ಕಿಶೋರ್ ಪ್ರೆಸ್ 1883ರಿಂದ ಉರ್ದುವಿನಲ್ಲಿ ಅಚ್ಚು ಹಾಕಿತು. ಅಮೆರಿಕದ ಆಟದಲ್ಲೂ ಅಂಥ ಚೀಲವಿದೆ, ಆದರೆ ಅದಕ್ಕೆ 500 ಪೌಂಡಿನ ಮಿತಿ! ಇನ್ನು ಬೆಂಗಳೂರಿನಲ್ಲಿ 1990ರ ದಶಕದಲ್ಲಿ ಜನ ಬಾಗಿಲಿಗೆ ಬರೆದ 'ನಾಳೆ ಬಾ' ನನ್ನ ಪ್ರಕಾರ ಎಲ್ಲಕ್ಕಿಂತ ಜಾಣ ಆಯುಧ. ದೆವ್ವ ಬರುತ್ತದೆ, ಓದುತ್ತದೆ, ಹೋಗುತ್ತದೆ, ಮರುದಿನ ಮತ್ತೆ ಅದೇ. ಖರ್ಚು ಒಂದು ತುಂಡು ಸೀಮೆಸುಣ್ಣ. 2018ರ 'ಸ್ತ್ರೀ' ಹಿಂದಿ ಚಿತ್ರಕ್ಕೂ ಇದೇ ಉಪಾಯ ಬೇಕಾಯಿತು. ದೆವ್ವಕ್ಕೆ ಕನ್ನಡ ಓದಲು ಬರದಿದ್ದರೆ ಏನು ಗತಿ ಎಂದು ಮಾತ್ರ ಯಾರೂ ಕೇಳಿದಂತಿಲ್ಲ.

ಈಗ ನನ್ನ ವಾದಕ್ಕೆ ಬರುತ್ತೇನೆ. ಆಟದ ಪವಿತ್ರ ಜಲ ಹೆಣಕ್ಕೋ ಪಿಶಾಚಿಗೋ ತಾಗಿದರೆ ಮಾತ್ರ ಸುಡುತ್ತದೆ. ಜೀವಂತ ಮನುಷ್ಯರ ಮೇಲೆ ಬಿದ್ದರೆ ಅದು ಬರೀ ನೀರು. ಆಟದ ಹೊರಗೆ ದೆವ್ವ ಬಿಡಿಸುವ ಸಾಮಾನುಗಳು ಹಾಗಲ್ಲ. ಹಗ್ಗ, ಚಾಟಿ, ಮೆಣಸಿನಕಾಯಿ ಹೊಗೆ, ಇವು ದೆವ್ವಕ್ಕೆ ತಾಗುವುದಿಲ್ಲ, ಅವಳಿಗೆ ತಾಗುತ್ತವೆ. 'ಅವಳಿಗೆ' ಎಂದು ಬರೆದದ್ದು ಬೇಕೆಂದೇ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವುದನ್ನು ನಿಷೇಧಿಸಲು ನಮ್ಮ ರಾಜ್ಯಕ್ಕೆ 2017ರಲ್ಲಿ ಒಂದು ಕಾಯ್ದೆಯೇ ಬೇಕಾಯಿತು. ನಮ್ಮ ಬೀದಿಯಲ್ಲೇ ಜ್ವರದ ಹುಡುಗಿಗೆ ವೈದ್ಯರಿಗಿಂತ ಮೊದಲು ತಾವೀಜ್ ಬಂತು, ಅದಕ್ಕೆ ಕೊಟ್ಟದ್ದು ಆಟದ ನಾಣ್ಯವಲ್ಲ, ಅವಳ ಅಬ್ಬಾ ಫ್ಯಾಕ್ಟರಿಯಲ್ಲಿ ದುಡಿದ ಹಣ. ಆ ಮನೆಯಲ್ಲಿ ಯಾರೂ ಡಂಜನ್ಸ್ ಆಡಿದವರಲ್ಲ.

ನಮ್ಮ ಕತೆ ಸದ್ಯ ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಒಂದು ಖಾಲಿ ಶೆಡ್ಡಿನಲ್ಲಿ ನಡೆಯುತ್ತಿದೆ. ಕಳೆದ ಬುಧವಾರ ಊರಿನವರು ದೆವ್ವ ಹಿಡಿದಿದೆ ಎಂದು ಒಬ್ಬ ಹುಡುಗಿಯನ್ನು ಅಲ್ಲಿಗೆ ಕರೆತಂದರು. ನಮ್ಮ ಪಾದ್ರಿ ಪಾತ್ರಧಾರಿ ಸೀಸೆ ಪೂರ್ತಿ ಸುರಿದ. ಏನೂ ಆಗಲಿಲ್ಲ. ಅವಳಿಗೆ ಮೂರು ದಿನದಿಂದ ಜ್ವರ ಎಂದು ಕತೆ ನಡೆಸುವವಳು ಹೇಳಿದಾಗ ಅವನು 25 ನಾಣ್ಯ ಹೋಯಿತಲ್ಲ ಎಂದು ಗೊಣಗಿದ. ಈ ಬುಧವಾರ ಅವಳನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಬೇಕು. ದಾರಿಯಲ್ಲಿ ಹೆಣಗಳಿವೆ, ನಮ್ಮಲ್ಲಿ ಕುದುರೆ ಇರುವುದು ಒಂದೇ.