ಉದುರಿದ್ದು ಮತ್ತೆ ಬರುತ್ತದೆ



ಮೊನ್ನೆ ಮಧ್ಯಾಹ್ನ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದೆ. ಕೋಟೆ ಹತ್ತಿರದ ನಮ್ಮ ಓಣಿಯ ಎರಡು ಮಕ್ಕಳ ತಾಯಿಯೊಬ್ಬಳು ಬಂದು, ಸೆರಗಿನ ಮರೆಯಿಂದ ಕಾಗದದ ಪೊಟ್ಟಣ ತೆಗೆದಳು. ಒಳಗೆ ಕೂದಲಿನ ಉಂಡೆ! “ಅಕ್ಕಾ, ಹಣಿಗಿ ಹಾಕಿದ್ರ ಇಷ್ಟು ಬರ್ತಾವ್ರಿ. ಬೋಳ ಆಗ್ತೀನೇನ್ರಿ?” ಅಂತ ಕಣ್ಣೀರು ತಂದಳು. ಮೂರು ತಿಂಗಳ ಹಿಂದೆ ಅವಳಿಗೆ ಡೆಂಗಿ ಜ್ವರ ಬಂದಿತ್ತು.

ನನಗೆ ನನ್ನ ಕಥೆಯೇ ನೆನಪಾಯಿತು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ದೇಶದಲ್ಲಿ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯ ಹಿರಿಯರೊಬ್ಬರು. ಅಂದಿನಿಂದ ಊರಿಗೆಲ್ಲ ಆ ಹೆಸರೆಂದರೆ ನಡುಕ. 2021ರ ಮೇ ತಿಂಗಳಲ್ಲಿ ನನಗೂ ಬಂತು. ಬದುಕಿ ಎದ್ದೆನಲ್ಲ ಎನ್ನುವಷ್ಟರಲ್ಲಿ, ಶ್ರಾವಣದಲ್ಲಿ ಕೂದಲು ಹಿಡಿ ಹಿಡಿಯಾಗಿ ಹೋಗತೊಡಗಿತು. ರೋಗ ಒಳಗೇ ಕೂತಿದೆ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಹೆದರಿ ತಲೆ ತೊಳೆಯುವುದನ್ನೇ ಬಿಟ್ಟೆ. ಸೋಮವಾರದ ಜೊತೆಗೆ ಶನಿವಾರವೂ ಉಪವಾಸ ಹಿಡಿದೆ, ಕೂದಲು ನಿಲ್ಲಲೆಂದು ಹರಕೆ!

ಕೊನೆಗೆ ಮನೆಯವರೇ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ತಲೆ ನೋಡಿದವರೇ, “ಊಟ ಹೆಂಗ ಮಾಡ್ತೀರಿ?” ಅಂತ ಕೇಳಿದರು. “ಎಲ್ಲಾರದೂ ಆದಮ್ಯಾಲ ಉಳಿದದ್ದು” ಅಂದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9 ಬಂತು. ಅವರು ತಿಳಿಸಿ ಹೇಳಿದ್ದು ಇಷ್ಟು:

ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲು. ಹೆಚ್ಚಿನವು ಬೆಳೆಯುತ್ತಿರುತ್ತವೆ, ಕೆಲವು ವಿಶ್ರಾಂತಿಯಲ್ಲಿರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಜೋರು ಜ್ವರ ಬಂದಾಗ ಬೆಳೆಯುವ ಕೂದಲೂ ಬಹಳಷ್ಟು ಒಮ್ಮೆಲೇ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳ ಮೇಲೆ ಅವೆಲ್ಲ ಒಟ್ಟಿಗೆ ಉದುರುತ್ತವೆ. ಬೇರು ಸಾಯುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಲ್ಲುತ್ತದೆ. ಹೊಸ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಮೊದಲಿನ ಜಡೆಗೆ ವರ್ಷಗಳೇ ಬೇಕು.

ತಲೆ ತೊಳೆದರೆ ಹೋಗುವುದು ಹೇಗೂ ಹೋಗಬೇಕಾದ ಕೂದಲೇ, ಧೈರ್ಯವಾಗಿ ಎರೆದುಕೊಳ್ಳಿ. ಜಡೆಯನ್ನು ಬಿಗಿಯಾಗಿ ಎಳೆದು ಹೆಣೆಯಬೇಡಿ. ದುಬಾರಿ ಎಣ್ಣೆಗೆ ಹಣ ಸುರಿಯುವ ಬದಲು ತಟ್ಟೆಗೆ ಗಟ್ಟಿ ಬೇಳೆ, ಮೊಳಕೆ ಕಾಳು, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ನಿಂಬೆ ಹುಳಿ ಇರಲಿ. ತಿನ್ನುವವರಿಗೆ ಮೊಟ್ಟೆಯೂ ಒಳ್ಳೆಯದು. ಕಬ್ಬಿಣಾಂಶದ ಮಾತ್ರೆಯನ್ನು ಡಾಕ್ಟರರನ್ನು ಕೇಳಿಯೇ ತೆಗೆದುಕೊಳ್ಳಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಪರೀಕ್ಷೆಗೆ ಮುಂಚೆ ಅದನ್ನು ಹೇಳಿ. ಥೈರಾಯ್ಡ್ ಫಲಿತಾಂಶ ತಪ್ಪಾಗಿ ಬರಬಹುದು.

ನಾಣ್ಯದಷ್ಟಗಲ ಬೋಳು, ನೆತ್ತಿಯಲ್ಲಿ ಉರಿ, ಕೆಂಪು, ಹುಣ್ಣು ಕಂಡರೆ ಅಥವಾ ಆರು ತಿಂಗಳಾದರೂ ನಿಲ್ಲದಿದ್ದರೆ ತಡ ಮಾಡದೆ ಚರ್ಮದ ಡಾಕ್ಟರರಿಗೆ ತೋರಿಸಿ.

ನನ್ನ ಶನಿವಾರದ ಉಪವಾಸ ಅಂದೇ ಮುಗಿಯಿತು. ದೇವರಿಗೆ ಕೈಮುಗಿದು, “ತಪ್ಪಾತಪ್ಪಾ, ಉಂಡೇ ನಿನ್ನ ನೆನೀತೀನಿ” ಅಂದೆ. ಮುಂದಿನ ಯುಗಾದಿ ಹೊತ್ತಿಗೆ ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಕೂದಲು ಎದ್ದು ನಿಂತಿದ್ದವು.

ಅದೆಲ್ಲ ಹೇಳಿ, ಆ ತಾಯಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಬಿಸಿ ರೊಟ್ಟಿ, ಬೇಳೆ ಬಡಿಸಿದೆ. “ಮನ್ಯಾಗ ಇನ್ನೂ ಯಾರೂ ಉಂಡಿಲ್ರಿ ಅಕ್ಕಾ” ಅಂತ ಹಿಂಜರಿದಳು. “ಇವತ್ತು ಮೊದಲ ತುತ್ತು ನಿಂದೇ” ಅಂದೆ. ನೀವು ಇವತ್ತು ಉಂಡಿರಾ, ಸೋದರಿಯರೇ?