ನಕ್ಷೆ ಖಾಲಿ ಆದ ಇರುಳು

ಎಂಗಳ ಮನೆ ವಿಟ್ಲದ ಹೊಡೆಲಿ, ಒಂದು ಗುಂಡಿಲಿ. ಸುತ್ತ ಅಡಕ್ಕೆ ತೋಟ, ಅದರ ಸುತ್ತ ಗುಡ್ಡೆ. ಮೊಬೈಲಿಲಿ ಮಾತಾಡೆಕ್ಕಾರೆ ಜಾಲಿನ ಕರೇಲಿ ಹೋಗಿ ನಿಲ್ಲೆಕ್ಕು. ಅಂತಾ ಮನೆಲಿ ಆಕಾಶಲ್ಲಿ ಹೋಪ ವಿಮಾನವ ಪತ್ತೆ ಮಾಡುವ ಮಿಷನು ಮಡುಗಿದ್ದೆ ಹೇಳಿರೆ ನೆಂಟ್ರು ನೆಗೆ ಮಾಡ್ತವು. "ಮೊಬೈಲಿನ ಆಪಿಲೇ ಕಾಣ್ತನ್ನೆ, ಇದೆಂತಕೆ?" ಹೇಳಿ ಕೇಳ್ತವು.

ಕೇಳಿದ್ದು ತಪ್ಪಲ್ಲ. ಆದರೆ ಆಪಿನ ಆ ನಕ್ಷೆ ತನ್ನಷ್ಟಕ್ಕೇ ಹುಟ್ಟಿದ್ದಲ್ಲ. ಲೋಕಲ್ಲಿಡೀ ಮಾಡಿನ ಮೇಗೆ ಅಂಟೆನ ಮಡುಗಿದ ಸಾವಿರಾರು ಮನೆಯವು ಕಳುಸಿದ ಲೆಕ್ಕವೇ ಅದರ ಬೇರು. ವಿಮಾನ 1090 ಮೆಗಾಹರ್ಟ್ಸಿಲಿ, ಸೆಕೆಂಡಿಂಗೆ ಸುಮಾರು ಎರಡು ಸರ್ತಿ, "ಆನು ಇಲ್ಲಿದ್ದೆ, ಇಷ್ಟು ಎತ್ತರಲ್ಲಿದ್ದೆ" ಹೇಳಿ ಬೊಬ್ಬೆ ಹೊಡಕ್ಕೊಂಡೇ ಹೋವುತ್ತು. ಅದಕ್ಕೆ ಬೀಗ ಇಲ್ಲೆ. ಕೆಮಿ ಇದ್ದವಂಗೆ ಕೇಳ್ತು. ಟೀವಿ ನೋಡ್ಲೆ ಹೇಳಿ ಮಾಡಿದ ಯುಎಸ್‌ಬಿ ಕಡ್ಡಿಯೇ ನಮ್ಮ ಕೆಮಿ.

ಆ ಕಡ್ಡಿಯ ಒಂದು ರಾಸ್‌ಬೆರಿ ಪೈಗೆ ಸಿಕ್ಕುಸಿ, ಡಾಕರಿನ ಕಂಟೈನರಿಲಿ ಪ್ರೋಗ್ರಾಮಿನ ಹಾಕಿದೆ. ಕಂಟೈನರು ಹೇಳಿರೆ ಉಪ್ಪಿನಕಾಯಿ ಭರಣಿ ಹಾಂಗೆ. ಒಳ ಇಪ್ಪದು ಒಳವೇ, ಹೆರಾಣ ಗಾಳಿ ತಾಗುತ್ತಿಲ್ಲೆ. ಒಂದು ಹಾಳಾದರೆ ಇನ್ನೊಂದಕ್ಕೆ ಹಬ್ಬುತ್ತಿಲ್ಲೆ. ಆದರೆ ಬಾಯಿ ಕಟ್ಟಿದ ಭರಣಿಗೆ ಹೆರ ಎಂತ ಇದ್ದು ಹೇಳಿ ನಾವೇ ಹೇಳೆಕ್ಕು: ಯುಎಸ್‌ಬಿ ಕಡ್ಡಿ ಇಲ್ಲಿದ್ದು, ಮನೆಯ ಅಕ್ಷಾಂಶ-ರೇಖಾಂಶ ಇಷ್ಟು, ನಕ್ಷೆಯ 8080ನೇ ಪೋರ್ಟಿಲಿ ತೋರುಸು. ಇಷ್ಟು ಬರದರೆ ಮನೆಯ ವೈಫೈಲಿಪ್ಪ ಏವ ಮೊಬೈಲಿಲಿಯೂ ನಕ್ಷೆ ಕಾಣ್ತು. ಪೈಗೆ ರೂಟರಿಲಿ ಒಂದೇ ವಿಳಾಸ ಕಟ್ಟಿ ಮಡುಗೆಕ್ಕು, ಇಲ್ಲದ್ದರೆ ಇಂದು ಸಿಕ್ಕಿದ ಪುಟ ನಾಳಂಗೆ ಸಿಕ್ಕ. ಇದಿಷ್ಟನ್ನೂ ಆನು ಮಾಡಿತ್ತಿದ್ದೆ. ಮಾಡಿ, ಬಾರೀ ಕೊಶಿಲಿ ಬೆಂಗ್ಳೂರಿಂಗೆ ಹೋದೆ.

ಕಳುದ ಮಳೆಗಾಲಲ್ಲಿ ತಮ್ಮ° ದುಬಾಯಿಂದ ಬಪ್ಪಲಿತ್ತು. ಅಬ್ಬೆ ಇರುಳಾಣ ಊಟ ಮುಗುಶಿ ಮೊಬೈಲು ಹಿಡ್ಕೊಂಡು ಜಗಲಿಲಿ ಕೂದತ್ತು. ಸಮುದ್ರದ ಮೇಗೆ ವಿಮಾನ ಕಂಡತ್ತು, ಕರಾವಳಿಗೆ ಹತ್ರೆ ಬಂತು. ಅಷ್ಟಪ್ಪಗ ಕರೆಂಟು ಹೋತು. ಐದು ನಿಮಿಷಲ್ಲಿ ಬಂತು. ಪುನಾ ಪುಟ ತೆಗದರೆ ನಕ್ಷೆ ಇದ್ದು, ಸಮುದ್ರ ಇದ್ದು, ಊರು ಇದ್ದು, ವಿಮಾನ ಮಾತ್ರ ಇಲ್ಲೆ.

"ತಮ್ಮನ ವಿಮಾನ ಕಾಣ್ತಿಲ್ಲೆ ಮಗಾ" ಹೇಳಿ ಎನಗೆ ಫೋನು ಮಾಡುವಗ ಅಬ್ಬೆಯ ಸ್ವರ ನಡುಗಿಗೊಂಡಿತ್ತು. ಎಂಗಳ ಊರಿಲಿ ಆ ಮಾತಿಂಗೆ ಇಪ್ಪ ತೂಕ ನಿಂಗೊಗೆ ಗೊಂತಿದ್ದು. 2010ರ ಮೇ 22ಕ್ಕೆ ಉದಿಯಪ್ಪಗ ದುಬಾಯಿಂದ ಬಂದ ವಿಮಾನ ಬಜ್ಪೆಲಿ ರನ್‌ವೇ ದಾಂಟಿ ಹೊಂಡಕ್ಕೆ ಬಿದ್ದು 158 ಜೆನ ತೀರಿಹೋದವು. ಒಳುದ್ದು ಎಂಟೇ ಜೆನ. ಅಂದು ಟೀವಿ ಎದುರು ನಿಂದ ಅಬ್ಬೆಯ ಮೋರೆ ಎನಗೆ ಈಗಳೂ ನೆಂಪಿದ್ದು. ಮುಕ್ಕಾಲು ಗಂಟೆ ಕಳುದು ತಮ್ಮನ ಫೋನು ಬಂತು, "ಇಳುದೆ, ಬೇಗಿಂಗೆ ಕಾಯ್ತಾ ಇದ್ದೆ" ಹೇಳಿ. ಆ ಮುಕ್ಕಾಲು ಗಂಟೆಯ ಅಬ್ಬೆಗೆ ಕೊಟ್ಟದು ಆನೇ.

ಆದ್ದು ಇಷ್ಟೇ. ಲಿನಕ್ಸು ಆ ಕಡ್ಡಿಯ ಕಂಡಕೂಡ್ಲೆ "ಇದು ಟೀವಿದು" ಹೇಳಿ ತನ್ನ ಟೀವಿ ಡ್ರೈವರಿಂಗೆ ಕೊಡ್ತು. ಮತ್ತೆ ಕಂಟೈನರಿನ ಒಳಾಣ ಪ್ರೋಗ್ರಾಮಿಂಗೆ ಅದು ಸಿಕ್ಕುತ್ತಿಲ್ಲೆ. ಆ ಡ್ರೈವರಿನ ಹೆಸರಿನ ಬ್ಲಾಕ್‌ಲಿಸ್ಟಿಲಿ ಬರದು ಮಡುಗೆಕ್ಕು. ಆನು ಸುರುವಿಂಗೆ ಅದರ ಒಂದರಿ ತೆಗದು ಹಾಕಿ ಕೆಲಸ ಸುಧಾರ್ಸಿತ್ತಿದ್ದೆ, ಬರದು ಮಡುಗಿತ್ತಿದ್ದಿಲ್ಲೆ. ಕರೆಂಟು ಹೋಪನ್ನಾರ ಎಲ್ಲ ಸರಿ ಇತ್ತು. ಪೈಯ ಇನ್ವರ್ಟರಿನ ಲೈನಿಂಗೂ ಹಾಕಿತ್ತಿದ್ದಿಲ್ಲೆ.

ಇದರ ಹೇಳಿಯಪ್ಪಗ ಭಾವ° ಹೇಳಿದ°, "ರೂಟರಿಲಿ ಪೋರ್ಟು ತೆಗದು ಮಡುಗು. ಬೆಂಗ್ಳೂರಿಂದಲೇ ನೋಡ್ಲಕ್ಕು, ಸರಿ ಮಾಡ್ಲಕ್ಕು."

ಎನಗೆ ಅದು ಒಪ್ಪಿಗೆ ಇಲ್ಲೆ. ಎಂಗಳ ಆ ಪುಟಕ್ಕೆ ಪಾಸ್‌ವರ್ಡು ಇಲ್ಲೆ. ನಕ್ಷೆಯ ನಡುಗೆ ಎಂಗಳ ಮನೆ ಇಪ್ಪ ಜಾಗೆಗೇ ಒಂದು ಬೊಟ್ಟು. ಪ್ರಾಯ ಆದ ಇಬ್ರೇ ಇಪ್ಪ ಮನೆಯ ಬಾಗಿಲಿನ ಲೋಕಕ್ಕೆಲ್ಲ ತೆಗದು ಮಡುಗುದು ಹೇಂಗೆ? ದೂರಂದ ನೋಡೆಕ್ಕಾರೆ ವಿಪಿಎನ್ ಮಾಡಿಗೊಂಬಲಕ್ಕು, ಅದು ಬೇರೆ. ಆದರೆ ಆ ಹೊತ್ತಿಂಗೆ ಆನು ಬಸ್ಸಿಲಿ ಒರಗಿದ್ದರೆ? ದೂರಂದ ಮಾಡುವ ರಿಪೇರಿ ಮಿಷನಿನ ಸರಿ ಮಾಡುಗು, ಅಬ್ಬೆಯ ಹೆದರಿಕೆಯ ಅಲ್ಲ.

ಎನ್ನ ಲೆಕ್ಕಲ್ಲಿ, ಒಂದು ಮಿಷನಿನ ಮನೆಗೆ ತಂದವಂಗೆ ಅದು ಸುಮ್ಮನೆ ಕೂದರೆ ಎಂತ ಅರ್ಥ ಹೇಳಿ ಮನೆಯವಕ್ಕೆ ಹೇಳಿಕೊಡುವ ಜೆಬಾದಾರಿಯೂ ಇದ್ದು. ಪಂಪು ನೀರು ಎತ್ತದ್ದರೆ ಫುಟ್‌ವಾಲ್ವೋ ಫ್ಯೂಸೋ ಹೇಳಿ ಅಪ್ಪಂಗೆ ಗೊಂತಿದ್ದು. ಮಿಕ್ಸಿ ತಿರುಗದ್ದರೆ ಅಡಿಯಾಣ ಕೆಂಪು ಸುಚ್ಚು ಒತ್ತೆಕ್ಕು ಹೇಳಿ ಅಬ್ಬೆಗೆ ಗೊಂತಿದ್ದು. ಇದೊಂದರ ಮಾತ್ರ ಆನು "ನಿಂಗೊಗೆ ಅರ್ಥ ಆಗ" ಹೇಳಿ ಬಿಟ್ಟದು. ಆ ಇರುಳು "ಕರೆಂಟು ಹೋಗಿ ಬಂದ ಮತ್ತೆ ಹೀಂಗಾದ್ದಲ್ಲದೋ?" ಹೇಳಿ ಸುರುವಿಂಗೆ ಕೇಳಿದ್ದು ಅಪ್ಪ°. ಎನಗೆ ಅದು ಹೊಳದ್ದೇ ಇಲ್ಲೆ.

"ಕಾಣದ್ದರೆ ಹೆದರಿಕೆಯೂ ಇಲ್ಲೆನ್ನೆ, ತೆಗದು ಮಡುಗಿರಾತು" ಹೇಳುವವೂ ಇದ್ದವು. ಅದರಲ್ಲಿ ರಜ್ಜ ಸತ್ಯ ಇದ್ದು. ಆದರೆ ಈ ಮಿಷನು ಬಪ್ಪಂದ ಮದಲು ಅಬ್ಬೆ ಹೆದರದ್ದೆ ಇತ್ತೋ? ದೇವರೊಳ ಕೂದೊಂಡು ಹೆದರಿಗೊಂಡಿತ್ತು, ಅಷ್ಟೇ.

ಹಬ್ಬಕ್ಕೆ ಬಂದಿಪ್ಪಗ ಬ್ಲಾಕ್‌ಲಿಸ್ಟು ಬರದೆ, ಇನ್ವರ್ಟರಿಂಗೆ ಹಾಕಿದೆ. ಒಂದರಿ ಬೇಕು ಹೇಳಿಯೇ ಕರೆಂಟು ತೆಗದು, ಪುನಾ ಹಾಕಿ, ವಿಮಾನ ತನ್ನಷ್ಟಕ್ಕೇ ಬತ್ತೋ ಹೇಳಿ ಅಪ್ಪ-ಅಬ್ಬೆಯ ಎದುರೇ ನೋಡಿದೆ. ಈ ಪರೀಕ್ಷೆಯ ಸುರುವಿಂಗೇ ಮಾಡೆಕ್ಕಾತು. ಮತ್ತೆ ಕೂದೊಂಡು ಹೇಳಿದೆ: ಈ ರೇಡಿಯೊ ನೇರ ದಾರಿಲಿ ಬಪ್ಪದು, ಗುಡ್ಡೆಯ ದಾಂಟುತ್ತಿಲ್ಲೆ. ಎತ್ತರಲ್ಲಿಪ್ಪ ವಿಮಾನ ದೂರಂದಲೂ ಕಾಣುಗು. ಬಜ್ಪೆಗೆ ಇಳಿವಲೆ ತಗ್ಗಿಯಪ್ಪಗ ನಮ್ಮ ಗುಡ್ಡೆಯ ಹಿಂದೆ ಹುಗ್ಗುಗು. ನಕ್ಷೆ ಇಪ್ಪದು ದಾರಿ ನೋಡ್ಲೆ, ಇಳುದ್ದು ಗೊಂತಪ್ಪದು ಫೋನಿಲಿಯೇ.

ಅಬ್ಬೆ ಅದರ ತನ್ನದೇ ಲೆಕ್ಕಲ್ಲಿ ಚೀಟಿಲಿ ಬರದು ಮಿಷನಿನ ಹತ್ರೆ ಗೋಡೆಗೆ ಅಂಟುಸಿದ್ದು: "ಎಲ್ಲ ಹೋದರೆ ಮಿಷನು. ಒಂದೇ ಹೋದರೆ ಗುಡ್ಡೆ."

ಮೊನ್ನೆ ತಮ್ಮ° ತಿರುಗಿ ಹೋಪಗ ವಿಮಾನ ಹೆರಡುವ ಹೊತ್ತು ಕಳುದು ಹತ್ತು ನಿಮಿಷ ಆದರೂ ನಕ್ಷೆಲಿ ಕಂಡಿದಿಲ್ಲೆ. ಆನು ಎರಡೆರಡು ಸರ್ತಿ ಪುಟ ತೆಗದು ನೋಡಿದೆ. "ಬೇರೆ ಮೂರು ಕಾಣ್ತನ್ನೆ. ಇದು ಇನ್ನೂ ಗುಡ್ಡೆಂದ ಮೇಗೆ ಬಯಿಂದಿಲ್ಲೆ, ಅಷ್ಟೇ" ಹೇಳಿ ಅಬ್ಬೆ ಕಾಪಿ ಕಾಸುಲೆ ಒಳ ಹೋತು.