ಗೆದ್ದ ಮರಿಗಳಷ್ಟೇ ಲೆಕ್ಕವಲ್ಲ

ಮಸ್ಕತ್ತಿನ ಪಶ್ಚಿಮಕ್ಕೆ, ಬರ್ಕಾದಲ್ಲಿ ಅಲ್ ರಹ್ಬಾ ರೇಸ್ ಮೈದಾನವಿದೆ. ಚಳಿಗಾಲದಲ್ಲಿ ಅಲ್ಲಿ ಕುದುರೆಗಳು ಓಡುತ್ತವೆ. ಬೆಂಗಳೂರಿನಂತೆ ಬಾಜಿಯಿಲ್ಲ, ಈ ದೇಶದಲ್ಲಿ ಜೂಜಿಗೆ ನಿಷೇಧ. ಬಾಜಿಯಿಲ್ಲದ ಕಡೆ ಮಾತು ವಂಶಾವಳಿಗೆ ತಿರುಗುತ್ತದೆ. 'ಇದರ ಅಪ್ಪ ಯಾವುದು?' ಪ್ರಶ್ನೆ ಸರಿಯಾದದ್ದೇ. ಉತ್ತರಿಸುವ ರೀತಿಯ ಬಗ್ಗೆ ನನ್ನ ತಕರಾರು.

ರೇಸ್ ಜಗತ್ತು ಬೀಜದ ಕುದುರೆಗಳಿಗೆ ಸ್ಥಾನ ಕೊಡುವುದು ಮುಖ್ಯವಾಗಿ ಅವುಗಳ ಮರಿಗಳು ಆ ವರ್ಷ ಗೆದ್ದ ಒಟ್ಟು ಹಣ ನೋಡಿ. ನೂರಾರು ಮರಿಗಳಲ್ಲಿ ಒಂದು ದೊಡ್ಡ ಡರ್ಬಿ ಗೆದ್ದರೂ ಅಪ್ಪ ಪಟ್ಟಿಯಲ್ಲಿ ಮೇಲೇರುತ್ತಾನೆ. ಇದನ್ನು ತಿದ್ದಲು ಸರಾಸರಿ ಗಳಿಕೆಯ ಸೂಚ್ಯಂಕ ಬಂತು: 1 ಎಂದರೆ ಸಾಧಾರಣ, 2 ಎಂದರೆ ಅದರ ಇಮ್ಮಡಿ. ಆದರೆ ಅದೂ ಓಡಿದ ಕುದುರೆಗಳನ್ನಷ್ಟೇ ಎಣಿಸುತ್ತದೆ. ತಾಲೀಮಿನಲ್ಲೇ ಕಾಲು ಕೆಟ್ಟು ಮೈದಾನವನ್ನೇ ಕಾಣದ ಮರಿ ಲೆಕ್ಕದಲ್ಲೇ ಇಲ್ಲ. ವಸೂಲಾಗದ ಸಾಲವನ್ನು ಮುಚ್ಚಿಟ್ಟು ಲಾಭ ತೋರಿಸುವ ಬ್ಯಾಲೆನ್ಸ್ ಶೀಟಿಗೆ ಯಾವ ಲೆಕ್ಕಪರಿಶೋಧಕ ಸಹಿ ಹಾಕಿಯಾನು?

ಹೆಸರನ್ನು ನಂಬಿ ಹಣ ಸುರಿದವರ ಕಥೆ ನೋಡಿ. 1983ರಲ್ಲಿ ನಾರ್ದರ್ನ್ ಡ್ಯಾನ್ಸರ್‌ನ ಮಗ ಸ್ನಾಫಿ ಡ್ಯಾನ್ಸರ್ ಒಂದು ಕೋಟಿ ಡಾಲರಿಗೂ ಮೇಲೆ ಮಾರಾಟವಾಯಿತು. ಒಂದು ರೇಸನ್ನೂ ಓಡಲಿಲ್ಲ. 2006ರಲ್ಲಿ ಅದೇ ವಂಶದ ಗ್ರೀನ್ ಮಂಕಿಗೆ 1.6 ಕೋಟಿ ಡಾಲರ್. ಮೂರು ಸಲ ಓಡಿ ಒಮ್ಮೆಯೂ ಗೆಲ್ಲಲಿಲ್ಲ.

ಹಣ ಹೋದರೆ ಹೋಗಲಿ, ಜೀವದ ಮಾತೇನು? ರೇಸ್ ಎ ನೇಟಿವ್ ಎಂಬ ಕುದುರೆ ನಾಲ್ಕೇ ಸಲ ಓಡಿ, ನಾಲ್ಕೂ ಗೆದ್ದು, ಕಾಲಿನ ಸ್ನಾಯುರಜ್ಜು ಕೆಟ್ಟು ನಿವೃತ್ತವಾಯಿತು. ವೇಗಕ್ಕೆ ಮರುಳಾದವರು ಅದರ ರಕ್ತವನ್ನು ಲೋಕವೆಲ್ಲ ಹಬ್ಬಿಸಿದರು. ಆ ವಂಶದ ಏಟ್ ಬೆಲ್ಸ್ 2008ರ ಕೆಂಟಕಿ ಡರ್ಬಿಯಲ್ಲಿ ಎರಡನೆಯದಾಗಿ ಬಂದು, ಗುರಿ ದಾಟಿದೊಡನೆ ಮುಂಗಾಲುಗಳೆರಡೂ ಮುರಿದು ಬಿತ್ತು. ಅದನ್ನು ಅಲ್ಲೇ ಕೊಲ್ಲಬೇಕಾಯಿತು. ಒಂದು ಸಾವಿನಿಂದ ವಂಶಕ್ಕೆ ಶಿಕ್ಷೆ ವಿಧಿಸಲಾಗದು, ನಿಜ. ಆದರೆ ಮುರಿದ ಕಾಲುಗಳ ಲೆಕ್ಕವನ್ನೇ ಇಡದವರು ಆ ವಂಶವನ್ನು ನಿರ್ದೋಷಿ ಎನ್ನಲೂ ಆಗದು.

ತಾಯಿಯ ಪಾಲಿಲ್ಲವೇ ಎನ್ನುವಿರಿ. ಖಂಡಿತ ಇದೆ, ನೂಲಿನಂತೆ ಸೀರೆ, ತಾಯಿಯಂತೆ ಮಗಳು. ದುಬಾರಿ ಗಂಡಿಗೆ ಒಳ್ಳೆಯ ಹೆಣ್ಣು ಕುದುರೆಗಳೇ ಬರುತ್ತವೆ. ಅವುಗಳ ಗುಣವೂ ಅಪ್ಪನ ಖಾತೆಗೇ ಜಮಾ ಆಗುತ್ತದೆ. ಆದ್ದರಿಂದ ಅದೇ ತಾಯಂದಿರು ಬೇರೆ ಗಂಡುಗಳಿಂದ ಹೆತ್ತ ಮರಿಗಳ ಜೊತೆ ಹೋಲಿಸಿ ನೋಡಬೇಕು.

ನಮ್ಮ ಕಡೆ ಹಳ್ಳಿಕಾರ್ ಬೀಜದ ಹೋರಿಯನ್ನು ಆರಿಸುವ ರೈತನಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅವನು ಕರುಗಳ ನಡಿಗೆ ನೋಡುತ್ತಾನೆ, ಗೊರಸು ನೋಡುತ್ತಾನೆ, ನೊಗಕ್ಕೆ ಎಷ್ಟು ವರ್ಷ ಬಾಳಿದವು ಎಂದು ಕೇಳುತ್ತಾನೆ. ಟಿಪ್ಪು ಕುಣಿಗಲ್ಲಿನಲ್ಲಿ ಕುದುರೆ ಬೆಳೆಸಿದ್ದು ದಂಡಿಗಾಗಿ. ಒಂದು ದಿನ ಮಿಂಚಿ ಮರುದಿನ ಕುಂಟುವ ಕುದುರೆ ದಂಡಿಗೆ ಹೊರೆ.

ನಾನು ಕೇಳುವುದು ನಾಲ್ಕು ಕಾಲಮು. ಹುಟ್ಟಿದ ಮರಿಗಳೆಷ್ಟು? ಓಡಿದವೆಷ್ಟು? ಒಂದೊಂದೂ ಎಷ್ಟು ಸಲ ಓಡಿತು? ನಾಲ್ಕು ವರ್ಷ ದಾಟಿದ ಮೇಲೂ ಓಡುತ್ತಿದ್ದವೆಷ್ಟು? ಬೀಜದ ಶುಲ್ಕ ವಸೂಲು ಮಾಡುವ ಪ್ರತಿ ಜಾಹೀರಾತಿನಲ್ಲೂ, ಗೆದ್ದ ಮಗನ ಚಿತ್ರದ ಪಕ್ಕದಲ್ಲೇ, ಇವನ್ನು ಅಚ್ಚು ಹಾಕಲಿ. ಅಲ್ಲಿಯವರೆಗೆ ಆ ಪಟ್ಟಿಯನ್ನು ನಾನು ಲೆಕ್ಕ ಎನ್ನಲಾರೆ.